ಮೊಟ್ಟೆಯಾಗಿದ್ದ ಗೋಳಗುಮ್ಮಟ

ಅಣ್ಣನ ಮದುವೆಯ ಹಳೇ ಡಿವಿಡಿಯಿಂದ ಒಂದಷ್ಟು ಸ್ಕ್ರೀನ್‌ಶಾಟ್ ತೆಗೆದೆ. ಬೀಗರನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ದಿದ್ದ ದೃಶ್ಯ. ಟಿವಿಯಲ್ಲಿ ಸರಿಯಾಗೇ ಇತ್ತು. ಫೋಟೊದಲ್ಲಿ ಮಾತ್ರ ಗುಮ್ಮಟ ಮೊಟ್ಟೆಯಂತೆ ಉದ್ದ, ನಮ್ಮ ದಪ್ಪ ಕಾಕಾ ತೆಳ್ಳಗೆ!

ಅಳತೆ ನೋಡಿದರೆ 720×576. ಪಾಲ್ (PAL ಎಂಬ ಟಿವಿ ಮಾದರಿಯ) ಡಿವಿಡಿಯ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ, ಚೌಕಾಕಾರ ಇರುವುದಿಲ್ಲ. ಪ್ಲೇಯರ್ ಅದನ್ನು ಅಗಲ ಮಾಡಿ 4:3ರಲ್ಲಿ (ಅಗಲ 4 ಪಾಲು, ಎತ್ತರ 3 ಪಾಲು) ತೋರಿಸುತ್ತದೆ. ನನ್ನ ಸ್ಕ್ರೀನ್‌ಶಾಟ್‌ಗೆ ಆ ಕೆಲಸ ಆಗಿರಲಿಲ್ಲ, ಅಷ್ಟೇ.

ಫೋಟೊ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ‘ಸ್ಕೇಲ್ ಇಮೇಜ್’ ತೆರೆದೆ. ಅಗಲ, ಎತ್ತರದ ಪಕ್ಕದ ಸರಪಳಿ ಗುರುತನ್ನು, ಎರಡೂ ಒಟ್ಟಿಗೆ ಬದಲಾಗದಂತೆ, ಒತ್ತಿ ಬಿಡಿಸಿ, ಅಗಲ 768 (576×4/3) ಕೊಟ್ಟೆ. ಎತ್ತರ ಮುಟ್ಟಲಿಲ್ಲ. ಗುಮ್ಮಟ ದುಂಡಗಾಯಿತು. (ವೈಡ್‌ಸ್ಕ್ರೀನ್ ಡಿವಿಡಿಯಾದರೆ 1024 ಬೇಕು.)

ಅದಕ್ಕೂ ಮುಂಚೆ ಒಂದು ಎಡವಟ್ಟು ಮಾಡಿದ್ದೆ. ಪಕ್ಕದ ಕಪ್ಪು ಪಟ್ಟಿ ಕತ್ತರಿಸಿ, ಆಮೇಲೆ 768ಕ್ಕೆ ಎಳೆದಿದ್ದೆ. ಕಾಕಾ ಇದ್ದದ್ದಕ್ಕಿಂತ ಜಾಸ್ತಿ ದಪ್ಪ ಆದರು! ಈಗ ಮೊದಲು ರೀಸೈಜ್, ಆಮೇಲೆ ಕ್ರಾಪ್.