ಹಿಂದಿನ ಆಕ್ಸಲ್ ನೋಡಿ ಗಾರ್ಡನ್ ಟ್ರಾಕ್ಟರ್ ಆರಿಸುವುದು: ನನ್ನ ಅನುಭವ

ಹಳೆಯ ಗಾರ್ಡನ್ ಟ್ರಾಕ್ಟರ್ ನೋಡಲು ಹೋದವರು ಸಾಮಾನ್ಯವಾಗಿ ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳುತ್ತಾರೆ. ನಾನು ಮೊದಲು ನೆಲದ ಮೇಲೆ ಮಲಗಿ ಹಿಂದಿನ ಆಕ್ಸಲ್ ನೋಡುತ್ತೇನೆ. ಎಂಜಿನ್ ಸವೆದಿದ್ದರೆ ರೀಬೋರ್ ಮಾಡಿಸಬಹುದು (ಸಿಲಿಂಡರಿನ ಒಳಮೈಯನ್ನು ಮತ್ತೆ ಕೊರೆಸುವುದು), ಅದೂ ಸಾಧ್ಯವಾಗದಿದ್ದರೆ ಬೇರೆ ಎಂಜಿನ್ ಕೂರಿಸಬಹುದು. ಹಿಂದಿನ ಆಕ್ಸಲ್‌ಗೇ ಸೇರಿಕೊಂಡಿರುವ ಗೇರ್‌ಬಾಕ್ಸ್ ಹೋದರೆ ಮಾತ್ರ ಟ್ರಾಕ್ಟರೇ ಹೋದಂತೆ. ನನ್ನ ಬಳಿ ಈಗ ಎರಡು ಯಂತ್ರಗಳಿವೆ. ಒಂದು 1970ರ ದಶಕದ ವೀಲ್ ಹಾರ್ಸ್, ಇನ್ನೊಂದು ಇತ್ತೀಚಿನ ವಿ-ಟ್ವಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್) ಎಂಜಿನ್ನಿನ ಲಾನ್ ಟ್ರಾಕ್ಟರ್. ಎರಡನ್ನೂ ಬಿಚ್ಚುವವನೂ ನಾನೇ, ಜೋಡಿಸುವವನೂ ನಾನೇ. ಹಾಗಾಗಿ ಯಾವುದನ್ನು ಎಷ್ಟು ನಂಬಬಹುದು ಎಂಬುದು ಕೈಗೆ ಗೊತ್ತಾಗಿದೆ.

ಲಾನ್ ಟ್ರಾಕ್ಟರ್ ಮತ್ತು ಗಾರ್ಡನ್ ಟ್ರಾಕ್ಟರ್ ದೂರದಿಂದ ಒಂದೇ ರೀತಿ ಕಾಣುತ್ತವೆ. ಮೊದಲನೆಯದು ಹುಲ್ಲು ಕತ್ತರಿಸಲು ಮಾತ್ರ ಹುಟ್ಟಿದ್ದು. ಅದರ ಚೌಕಟ್ಟು ತೆಳು ತಗಡಿನದು, ಚಕ್ರಗಳು ಚಿಕ್ಕವು. ಎರಡನೆಯದಕ್ಕೆ ದಪ್ಪ ಚೌಕಟ್ಟು, ಬೀಡು ಕಬ್ಬಿಣದ ಮುಂದಿನ ಆಕ್ಸಲ್, ಹಿಂದೆ ನೇಗಿಲು ಎಳೆಯುವಷ್ಟು ದೊಡ್ಡ ಚಕ್ರ ಇರುತ್ತವೆ. ನಂಬಿಕೆ ಕಳೆದುಕೊಳ್ಳುವ ಯಂತ್ರಗಳಲ್ಲಿ ಬಹುಪಾಲು ಲಾನ್ ಟ್ರಾಕ್ಟರ್‌ಗಳೇ, ಅದೂ ಗಾರ್ಡನ್ ಟ್ರಾಕ್ಟರ್‌ನ ಕೆಲಸಕ್ಕೆ ಹಚ್ಚಿದವು.

ವೀಲ್ ಹಾರ್ಸ್ ಕಂಪನಿ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಬೆಳೆದದ್ದು. 1986ರಲ್ಲಿ ಟೋರೋ ಕಂಪನಿ ಅದನ್ನು ಕೊಂಡಿತು. ಅದರ ಎಂಟು ವೇಗದ ಟ್ರಾನ್ಸಾಕ್ಸಲ್ ಬೀಡು ಕಬ್ಬಿಣದ ಒಂದೇ ಪೆಟ್ಟಿಗೆ. ಗೇರು, ಡಿಫರೆನ್ಷಿಯಲ್, ಆಕ್ಸಲ್ ಎಲ್ಲವೂ ಅದರೊಳಗೇ ಇವೆ. ಅದಕ್ಕೆ ಬೇಕಾಗಿರುವುದು ಸುಮಾರು ಎರಡು ಲೀಟರ್ 90 ದರ್ಜೆಯ ಗೇರ್ ಆಯಿಲ್, ಮತ್ತೆ ನೀರು ಸೇರದಂತೆ ಒಂದಿಷ್ಟು ಕಾಳಜಿ. ಗೇರ್ ಲಿವರ್‌ನ ಬುಡದಲ್ಲಿರುವ ರಬ್ಬರ್ ಮುಚ್ಚಳ ದಶಕಗಳಾದ ಮೇಲೆ ಬಿರುಕು ಬಿಡುತ್ತದೆ. ಬಯಲಿನಲ್ಲಿ ನಿಂತ ಟ್ರಾಕ್ಟರ್‌ನ ಮೇಲೆ ಸುರಿದ ಮಳೆ ಲಿವರ್ ಗುಂಟ ನೇರವಾಗಿ ಒಳಗಿಳಿಯುತ್ತದೆ. ನನ್ನದರ ಡ್ರೈನ್ ಪ್ಲಗ್ ಬಿಚ್ಚಿದಾಗ ಮೊದಲು ಬಂದದ್ದು ಶುದ್ಧ ನೀರು, ಅದರ ಹಿಂದೆ ನೊರೆಗಟ್ಟಿದ ಬೂದು ಬಣ್ಣದ ಎಣ್ಣೆ. ಡೀಸೆಲ್ ಸುರಿದು, ಹಿಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿ, ಕೈಯಲ್ಲಿ ತಿರುಗಿಸಿ, ಬಸಿದು, ಮತ್ತೆ ಅದನ್ನೇ ಮಾಡಿದೆ. ಬಸಿದ ಡೀಸೆಲ್ ತಿಳಿಯಾದ ಮೇಲೆ ಹೊಸ ಎಣ್ಣೆ ಹಾಕಿ, ರಬ್ಬರ್ ಬದಲಿಸಿದೆ. ಗೇರಿನ ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಇಷ್ಟು ಅಲಕ್ಷ್ಯವನ್ನು ಸಹಿಸಿಕೊಂಡ ಗೇರ್‌ಬಾಕ್ಸ್ ಬಗ್ಗೆ ನನಗೆ ಪಕ್ಷಪಾತ ಇದ್ದರೆ ಅದಕ್ಕೆ ಕಾರಣವಿದೆ.

ಅದೇ ಹೊತ್ತಿನಲ್ಲಿ ಹಿಂದಿನ ಹಬ್‌ಗಳ ಸ್ಕ್ರೂಗಳನ್ನೂ ಬಿಗಿ ಮಾಡಿದೆ. ಹಬ್ ಸಡಿಲವಾಗಿಯೇ ಓಡಿದರೆ ಒಳಗಿನ ಕೀ, ಅಂದರೆ ಹಬ್ಬನ್ನು ಆಕ್ಸಲ್‌ಗೆ ಬೆಸೆಯುವ ಲೋಹದ ತುಂಡು, ತಾನು ಕೂರುವ ಆಕ್ಸಲ್‌ನ ತೋಡನ್ನೇ ತಿಂದುಹಾಕುತ್ತದೆ; ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಎಂಜಿನ್ 12 ಅಶ್ವಶಕ್ತಿಯ ಕೊಹ್ಲರ್ ಕೆ301. ಒಂದೇ ಸಿಲಿಂಡರ್, ಬೀಡು ಕಬ್ಬಿಣದ ಬ್ಲಾಕ್, ಪಕ್ಕದಲ್ಲಿ ವಾಲ್ವ್. ಬ್ಲಾಕಿನ ಬದಿಯ ಚಿಕ್ಕ ಮುಚ್ಚಳ ತೆಗೆದರೆ ಪಾಯಿಂಟ್, ಅಂದರೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ ಬಿಂದು, ಸಿಗುತ್ತದೆ. ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಅಂತರ ಇಡಬೇಕು. ಇನ್ನೂ ನಿಖರವಾಗಿ ಬೇಕಾದರೆ ಫ್ಲೈವೀಲ್‌ನ ಎಸ್ ಗುರುತು ಕಿಂಡಿಯ ನಡುವೆ ಬಂದಾಗ ಪಾಯಿಂಟ್ ಆಗಷ್ಟೇ ತೆರೆಯಲಾರಂಭಿಸಬೇಕು. ಕಿಡಿ ಬಾರದಿದ್ದರೆ ಮಡಚಿದ ಬಿಳಿ ಕಾಗದವನ್ನು ಪಾಯಿಂಟ್‌ಗಳ ನಡುವೆ ಎಳೆಯುತ್ತೇನೆ. ಕಪ್ಪು ಗೆರೆ ಬಂದರೆ ಕಳ್ಳ ಸಿಕ್ಕಿಬಿದ್ದಂತೆ. ಕಂಪ್ಯೂಟರ್ ಬೇಡ, ಸ್ಕ್ಯಾನರ್ ಬೇಡ.

ಆದರೆ ಈ ಎಂಜಿನ್ನಿಗೆ ಆಯಿಲ್ ಪಂಪ್ ಇಲ್ಲ. ಕನೆಕ್ಟಿಂಗ್ ರಾಡ್‌ನ ತುದಿಯ ಸೌಟಿನಂಥ ಭಾಗ ಎಣ್ಣೆಯನ್ನು ಎರಚುತ್ತದೆ, ಅಷ್ಟೇ. ಎಣ್ಣೆ ತುಸು ಕಡಿಮೆಯಿದ್ದು ಇಳಿಜಾರಿನಲ್ಲಿ ಓಡಿದರೆ ರಾಡ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಪ್ರತಿ ಸಲ ಚಾಲೂ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡುತ್ತೇನೆ. ಈ ಸರಣಿಯ ದೊಡ್ಡ ಎಂಜಿನ್‌ಗಳ ಒಳಗೆ ನಡುಕ ತಗ್ಗಿಸಲೆಂದು ಬ್ಯಾಲೆನ್ಸ್ ಗೇರ್‌ಗಳಿರುವುದುಂಟು. ಹಳತಾದ ಮೇಲೆ ಅವು ಒಡೆದರೆ ಬ್ಲಾಕ್ ತೂತಾಗುತ್ತದೆ. ಓವರ್‌ಹಾಲ್ ಮಾಡುವ ಅನೇಕರು ಅವನ್ನು ತೆಗೆದುಬಿಡುತ್ತಾರೆ, ನಾನೂ ತೆಗೆದೆ. ನಡುಕ ಕೊಂಚ ಹೆಚ್ಚಾಯಿತು. ನಿದ್ದೆ ಚೆನ್ನಾಗಿ ಬರುತ್ತದೆ.

ಹಳೆಯವುಗಳಲ್ಲಿ ನನಗೆ ಇಷ್ಟವಾದ ಇನ್ನೆರಡು ಇವೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಾಲದ ಕಬ್ ಕ್ಯಾಡೆಟ್‌ನಲ್ಲಿ, ಮೊದಲ ಮಾದರಿಯ ನಂತರ ಬಂದವುಗಳಲ್ಲಿ, ಎಂಜಿನ್ನಿನಿಂದ ಗೇರ್‌ಬಾಕ್ಸ್‌ಗೆ ಬೆಲ್ಟ್ ಇಲ್ಲ, ಶಾಫ್ಟ್ ಇದೆ. ಜಾರುವ ಬೆಲ್ಟ್ ಎಂಬ ತಲೆನೋವೇ ಇಲ್ಲ. 1981ರಲ್ಲಿ ಆ ವಿಭಾಗ ಎಂಟಿಡಿ ಎಂಬ ಕಂಪನಿಯ ಪಾಲಾಯಿತು, ಅಲ್ಲಿಂದಾಚೆಗಿನದು ಬೇರೆ ಕಥೆ. ಜಾನ್ ಡೀರ್ 318 (1983–1992) ಹೈಡ್ರಾಲಿಕ್ಸ್, ಪವರ್ ಸ್ಟಿಯರಿಂಗ್ ಎಲ್ಲ ಇರುವ ರಾಜಗಾಂಭೀರ್ಯದ ಯಂತ್ರ. ಓಡಿಸಿದರೆ ಮನಸ್ಸು ಸೋಲುತ್ತದೆ. ಆದರೂ ಕೊಳ್ಳಲಿಲ್ಲ. ಅದರ ಓನನ್ ಎಂಜಿನ್ ತಯಾರಾಗುವುದು ನಿಂತು ಕಾಲವಾಗಿದೆ. ಎಷ್ಟೇ ಗಟ್ಟಿಯಾಗಿದ್ದರೂ ಬಿಡಿಭಾಗ ಸಿಗದ ಎಂಜಿನ್ನನ್ನು ನಾನು ನಂಬಿಕಸ್ಥ ಎನ್ನುವುದಿಲ್ಲ.

ಇನ್ನು ಹೊಸ ಯಂತ್ರ. ತಯಾರಕರ ಹೆಸರು ಬೇಡ. ಎಂಜಿನ್ ವಿಷಯದಲ್ಲಿ ಹೊಸದೇ ಮೇಲು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಪಂಪ್‌ನಿಂದ ಒತ್ತಡದಲ್ಲಿ ಹರಿಯುವ ಎಣ್ಣೆ, ಫಿಲ್ಟರ್, ತಲೆಯ ಮೇಲಿನ ವಾಲ್ವ್. ಕೀ ತಿರುಗಿಸಿದರೆ ಸಾಕು, ಕಡಿಮೆ ಪೆಟ್ರೋಲಿನಲ್ಲಿ ನಯವಾಗಿ ಓಡುತ್ತದೆ. ತೊಂದರೆ ಮತ್ತೆ ಹಿಂದಿನ ಆಕ್ಸಲ್‌ನಲ್ಲೇ. ಅಲ್ಲಿರುವುದು ಹಗುರ ಕೆಲಸದ ಹೈಡ್ರೋಸ್ಟ್ಯಾಟಿಕ್ ಘಟಕ, ಅಂದರೆ ಗೇರ್ ಬದಲಿಸುವ ಬದಲು ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವಂಥದು. ಡ್ರೈನ್ ಪ್ಲಗ್ ಕೂಡ ಇಲ್ಲ. ಬಿಸಿಯಾದಂತೆ ಎಣ್ಣೆ ತೆಳುವಾಗಿ, ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಟ್ರಾಕ್ಟರ್ ತೆವಳತೊಡಗಿತು. ಇಡೀ ಘಟಕವನ್ನು ಕೆಳಗಿಳಿಸಿ, ತಲೆಕೆಳಗಾಗಿ ನಿಲ್ಲಿಸಿ ಹಳೆಯ ಎಣ್ಣೆ ಬಸಿದೆ. ಹೊಸದನ್ನು ತುಂಬಿದ ಮೇಲೆ ಚಕ್ರಗಳನ್ನು ನೆಲದಿಂದ ಎತ್ತಿ, ಬೈಪಾಸ್ ವಾಲ್ವ್ ತೆರೆದು, ಪೆಡಲನ್ನು ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಆಡಿಸಿ ಗಾಳಿ ಹೊರಹಾಕಿದೆ. ವಾಲ್ವ್ ಮುಚ್ಚಿ ಮತ್ತೊಮ್ಮೆ ಹಾಗೇ ಮಾಡಿದೆ. ಎಳೆತ ಬಹುಪಾಲು ಮರಳಿತು. ಘಟಕದ ಮೇಲಿನ ಪುಟ್ಟ ಫ್ಯಾನ್ ಸುತ್ತ ಗಟ್ಟಿಯಾಗಿ ಕೂತಿದ್ದ ಒಣ ಹುಲ್ಲನ್ನು ಕಿತ್ತದ್ದೂ ಎಣ್ಣೆಯಷ್ಟೇ ನೆರವಾಯಿತು ಎಂದು ನನ್ನ ಅಂದಾಜು.

ಹೊಸ ಟ್ರಾಕ್ಟರ್ ಚಾಲೂ ಆಗದಿದ್ದರೆ ಎಂಜಿನ್ ಮುಟ್ಟುವ ಮೊದಲು ಸೀಟಿನ ಕೆಳಗಿನ ಸ್ವಿಚ್, ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್ ನೋಡಿ. ಮೀಟರ್ ಹಿಡಿದು ಒಂದೊಂದನ್ನೇ ಪರೀಕ್ಷಿಸಿದರೆ ಸಾಕು, ಬಹಳಷ್ಟು ಸಲ ತಪ್ಪಿತಸ್ಥ ಅಲ್ಲೇ ಸಿಗುತ್ತಾನೆ. ತಂತಿ ಅಡ್ಡಜೋಡಿಸಿ ಸ್ವಿಚ್ಚನ್ನೇ ತಪ್ಪಿಸುವವರಿದ್ದಾರೆ. ತಿರುಗುವ ಬ್ಲೇಡಿನ ಮೇಲೆ ಕೂತು ಅಂಥ ಜಾಣತನ ಬೇಡ. ಬ್ಯಾಟರಿ ಟ್ರಾಕ್ಟರ್‌ಗಳೂ ಬಂದಿವೆ. ನಾನು ಬಿಚ್ಚಿ ನೋಡಿಲ್ಲದ್ದರ ಬಗ್ಗೆ ಬರೆಯುವುದಿಲ್ಲ.

ಎರಡಕ್ಕೂ ಸಮಾನ ಶತ್ರುಗಳು ಇಲಿ ಮತ್ತು ಹಳಸಿದ ಪೆಟ್ರೋಲ್. ಗಾಳಿಯಿಂದ ತಣಿಯುವ ಎಂಜಿನ್ನಿನ ಫ್ಯಾನ್ ಕವಚದೊಳಗೆ ಇಲಿ ಗೂಡು ಕಟ್ಟಿದರೆ ಹೊರಗಿನಿಂದ ಏನೂ ಕಾಣದು, ಎಂಜಿನ್ ಮಾತ್ರ ಒಳಗೇ ಬೇಯುತ್ತದೆ. ವರ್ಷಕ್ಕೊಮ್ಮೆ ಕವಚ ಬಿಚ್ಚಿ ರೆಕ್ಕೆಗಳನ್ನು ಉಜ್ಜುತ್ತೇನೆ. ದೀರ್ಘಕಾಲ ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸುತ್ತೇನೆ. ಬ್ಲೇಡುಗಳನ್ನು ಮುಚ್ಚಿರುವ ಡೆಕ್‌ನ ಅಡಿಯ ಹಸಿ ಹುಲ್ಲನ್ನು ಅಂದೇ ಮರದ ತುಂಡಿನಿಂದ ಕೆರೆಯುತ್ತೇನೆ. ನೀರಿನ ಜೆಟ್ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ, ಬೇರಿಂಗ್‌ಗಳೂ ಬೇಗ ಮುಗಿಯುತ್ತವೆ.

ಈಗ ಹುಲ್ಲಿಗೆ ಹೊಸದು, ನೇಗಿಲಿಗೂ ಮಣ್ಣು ತುಂಬಿದ ಟ್ರಾಲಿಗೂ ವೀಲ್ ಹಾರ್ಸ್. ಮುಂದೆ ಹೊಸದೊಂದನ್ನು ಕೊಳ್ಳುವುದಾದರೆ ಎಷ್ಟು ಅಶ್ವಶಕ್ತಿ ಎಂದು ಕೇಳುವ ಮೊದಲು, ಹಿಂದಿನ ಘಟಕದ ಎಣ್ಣೆಯನ್ನೂ ಫಿಲ್ಟರನ್ನೂ ಟ್ರಾಕ್ಟರ್‌ನಿಂದ ಕೆಳಗಿಳಿಸದೆಯೇ ಬದಲಿಸಬಹುದೇ ಎಂದು ಕೇಳುತ್ತೇನೆ.