ಜೀಪಿಗೆ ಏರ್ ಹಿಡಿದಾಗ

ನಮ್ಮ ಮನೆಯ ಜೀಪು 1989ರ ಮಹೀಂದ್ರಾ ಎಂಎಂ 540. ತೋಟದ ಕೆಲಸಕ್ಕೆಂದು ಅಪ್ಪ ತಂದಿದ್ದು. ಎಂಜಿನ್ ಪ್ಯೂಜೋ ಎಕ್ಸ್‌ಡಿಪಿ 4.90, ಡೀಸೆಲ್. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ), ಹೆಸರಲ್ಲೇ ಲೆಕ್ಕ ಇದೆ. ಮೂಡಿಗೆರೆ ಕಡೆಯ ಜಾರುವ ಏರಿನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹತ್ತಲು ನಮಗೆ ಈಗಲೂ ಇದೇ ಬೇಕು.

ಹೋದ ಮಳೆಗಾಲದಲ್ಲಿ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗಲು ಹಟ ಮಾಡತೊಡಗಿತು. ಸ್ಟಾರ್ಟಿಗೆ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಹಾಕಿ ಸೆಲ್ಫ್ ಹೊಡೆದರೆ ಒಂದು ಕ್ಷಣ ಹಿಡಿದು ಆಫ್ ಆಗುತ್ತಿತ್ತು. ಒಮ್ಮೆ ಹಿಡಿಯಿತೆಂದರೆ ಸಂಜೆವರೆಗೂ ತೊಂದರೆಯಿಲ್ಲ. ಗ್ಯಾರೇಜಿನಲ್ಲಿ ನಾಲ್ಕೂ ಹೀಟರ್ ಪ್ಲಗ್ ಬದಲಾಯಿಸಿದರು. ಮಾರನೇ ದಿನ ಮತ್ತೆ ಅದೇ ಕಥೆ. ಡೀಸೆಲ್ ಪಂಪ್ ಬಿಚ್ಚಬೇಕು ಅಂದರು. ಪಂಪಿಗೆ ಕೈ ಹಾಕಿದರೆ ಖರ್ಚು ಜಾಸ್ತಿ. ಅದಕ್ಕೂ ಮೊದಲು ನಾನೇ ನೋಡೋಣ ಅಂತ ಒಂದು ಭಾನುವಾರ ಶೆಡ್ಡಿಗೆ ಇಳಿದೆ.

ಹಗಲಿಡೀ ಸರಿ, ರಾತ್ರಿ ನಿಂತ ಮೇಲೆ ತಕರಾರು. ಹಾಗಾದರೆ ರಾತ್ರಿ ಹೊತ್ತು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿರಬೇಕು. ಇಳಿಯಬೇಕಾದರೆ ಎಲ್ಲೋ ಗಾಳಿ ಒಳಗೆ ಬರಬೇಕು, ಅಲ್ವಾ? ಟ್ಯಾಂಕಿನಿಂದ ಡೀಸೆಲನ್ನು ಎಂಜಿನ್ ಕಡೆಗೆ ಎಳೆದುಕೊಳ್ಳುವುದು ಫೀಡ್ ಪಂಪ್ ಎಂಬ ಚಿಕ್ಕ ಪಂಪ್. ಎಂಜಿನ್ ಓಡುವಾಗ ಇವೆರಡರ ನಡುವೆ ಸಂದು ಬಿಟ್ಟಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಎಲ್ಲೂ ಒದ್ದೆ ಇಲ್ಲ, ಲೀಕ್ ಇಲ್ಲ ಅಂತ ಮೋಸ ಹೋಗುವುದು ಇಲ್ಲೇ.

ಫೀಡ್ ಪಂಪಿನ ಮುಂಚೆ ಒಳಗೆ ಕಾಣುವ ಒಂದು ಗೇಣು ಪ್ಲಾಸ್ಟಿಕ್ ಪೈಪ್ ಸೇರಿಸಿದೆ. ಎಂಜಿನ್ ಓಡುವಾಗ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಆ ಪೈಪನ್ನು ಡೀಸೆಲ್ ತುಂಬಿದ ಕ್ಯಾನಿಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಗುಳ್ಳೆ ನಿಂತಿತು. ಪಂಪಿನದೇನೂ ತಪ್ಪಿಲ್ಲ, ತೊಂದರೆ ಟ್ಯಾಂಕಿನ ಕಡೆಯದು. ಚಾಸಿಸ್ ಪಕ್ಕದ ರಬ್ಬರ್ ಹೋಸಿನ ಕ್ಲಿಪ್ ಬಿಚ್ಚಿ ಬಗ್ಗಿಸಿದೆ. ಕ್ಲಿಪ್ಪಿನ ಅಡಿಯಲ್ಲೇ ಕೂದಲೆಳೆಯಷ್ಟು ಬಿರುಕು. ನೆಟ್ಟಗೆ ಹಿಡಿದರೆ ಕಾಣುವುದೇ ಇಲ್ಲ!

ಹೊಸ ಹೋಸ್ ಹಾಕಿ ಏರ್ ತೆಗೆದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಎತ್ತುವ ಪಂಪ್) ಒತ್ತುತ್ತಾ ಹೋಗಬೇಕು. ಮೊದಲು ಬಿಳಿ ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್. ಅದು ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಬಿಚ್ಚಿದ ಕಡೆಯೆಲ್ಲ ಹೊಸ ಕಾಪರ್ ವಾಷರ್ ಹಾಕಿ. ಹಳೆಯದು ಒಮ್ಮೆ ಚಪ್ಪಟೆಯಾದರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಎಂಜಿನ್ ತಿರುಗುವಾಗ ಇಂಜೆಕ್ಟರ್ ಪೈಪಿನ ಹತ್ತಿರ ಮಾತ್ರ ಬೆರಳು ಇಡಬೇಡಿ. ಅಲ್ಲಿಯ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಮಾರನೇ ಬೆಳಿಗ್ಗೆ ಮೊದಲ ಸೆಲ್ಫಿಗೇ ಹಿಡಿಯಿತು. ಕಾಫಿ ಲೋಟ ಹಿಡಿದೇ ಅಪ್ಪ ಅಂಗಳಕ್ಕೆ ಬಂದರು. "ಬ್ಯಾಟರಿ ಹೊಸದು ಹಾಕಿದ್ಯೇನೋ?"

"ಇಲ್ಲಪ್ಪ, ಒಂದು ಗೇಣು ಹೋಸ್."

ಅದೇ ಹುಮ್ಮಸ್ಸಿನಲ್ಲಿ ಹಿಂದಿನ ಡಿಫರೆನ್ಶಿಯಲ್, ಅಂದರೆ ಆಕ್ಸಲ್ ನಡುವಿನ ಗೇರ್ ಗುಂಡಿನ ಆಯಿಲ್ ನೋಡಿದೆ. ಆಯಿಲ್ ಹಾಕುವ ಪ್ಲಗ್ಗನ್ನೇ ಮೊದಲು ಬಿಚ್ಚಿ. ಅದು ತುಕ್ಕು ಹಿಡಿದು ಬರದೇ ಹೋದರೆ, ಕೆಳಗೆ ಆಯಿಲ್ ಖಾಲಿ ಮಾಡಿಕೊಂಡು ಗಾಡಿ ಅಲ್ಲಾಡಿಸುವ ಹಾಗಿರುವುದಿಲ್ಲ. ಬೆರಳಿಗೆ ಬಂದಿದ್ದು ಹಾಲು ಬೆರೆಸಿದ ಚಹಾದ ಬಣ್ಣದ ಆಯಿಲ್. ಒಳಗೆ ನೀರು ಸೇರಿತ್ತು. ಆಕ್ಸಲ್ ಮೇಲೆ ಗಾಳಿಯಾಡಲು ಇರುವ ಬ್ರೀದರ್ ಕೆಸರು ಮೆತ್ತಿ ಮುಚ್ಚಿಹೋಗಿತ್ತು. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಹೊರಗಿನ ಗಾಳಿ ಬಂದು ಸರಿಹೋಗುತ್ತದೆ. ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರೇ ಒಳಗೆ ಬರುತ್ತದೆ.

ಬ್ರೀದರ್ ತೊಳೆದು ಊದಿ ನೋಡಿ ಹಾಕಿದೆ. ಹೊಸ ಇಪಿ 90 ಗೇರ್ ಆಯಿಲನ್ನು ಪ್ಲಗ್ಗಿನ ತೂತಿನಿಂದ ತೊಟ್ಟಿಕ್ಕುವವರೆಗೆ ತುಂಬಿಸಿದೆ. ಹದಿನೈದು ದಿನ ಹಳ್ಳ ದಾಟಿಸಿ ಮತ್ತೆ ಬೆರಳಿಟ್ಟು ನೋಡಿದೆ. ಜೇನಿನ ಬಣ್ಣ ಹಾಗೇ ಇತ್ತು.