ವಿರೋಧಿಸಿದವರ ಬೋರ್‌ವೆಲ್ಲಿಗೇ ಮೊದಲ ಸಫಲ ಇಂಗುಗುಂಡಿ: ನನ್ನ ಅನುಭವ

ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನಲ್ಲಿ ಸುಮಾರು 1,100 ಅಡಿಗೆ ಕೊರೆಸಿದ್ದ, ಐದು ವರ್ಷ ಬತ್ತಿ ನಿಂತಿದ್ದ ಒಂದು ಬೋರ್‌ವೆಲ್ 2023ರ ಬರಗಾಲದಲ್ಲೂ ದಿನಕ್ಕೆ ಎರಡೂವರೆ ಗಂಟೆ ಕಾಲ ಒಂದೂವರೆ ಇಂಚು ನೀರು ಕೊಟ್ಟಿತು. ಆ ಬೋರ್‌ವೆಲ್ ನನ್ನದಲ್ಲ. ನೀರು ಅಳೆಯುವ ಮಾತಿಗೆ ಊರಿನ ಸಭೆಯಲ್ಲಿ ನನ್ನನ್ನು ಎಲ್ಲರಿಗಿಂತ ಜೋರಾಗಿ ವಿರೋಧಿಸಿದ್ದ ನನ್ನ ಚಿಕ್ಕಪ್ಪನವರದು. ಹಿಂದಿನ ಎರಡು ವರ್ಷದ ಒಳ್ಳೆಯ ಮಳೆಯಿಂದ ಬಂದ ನೀರೇ ಹೊರತು, ಮಳೆನೀರನ್ನು ಸೋಸಿ ಬೋರ್‌ವೆಲ್ಲಿಗೆ ಇಳಿಸಲು ಅದರ ಸುತ್ತ ನಾನು ತೆಗೆಸಿದ ಇಂಗುಗುಂಡಿಯಿಂದ ಬಂದದ್ದಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಅದೇ ಮಳೆ ಬಿದ್ದ ಪಕ್ಕದ ಹೊಲದ ಬೋರ್‌ವೆಲ್ ಆ ವರ್ಷ ದಸರಾ ಹೊತ್ತಿಗೇ ಏಕೆ ಗಾಳಿ ಬಿಟ್ಟಿತು ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ.

2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ, ಆಯ್ದ ಗ್ರಾಮ ಪಂಚಾಯಿತಿಗಳು ತಮ್ಮ ನೀರಿನ ಆಯವ್ಯಯ ಲೆಕ್ಕ ಹಾಕಿ ಜಲಭದ್ರತಾ ಯೋಜನೆ ರೂಪಿಸಿಕೊಳ್ಳಬೇಕಿತ್ತು. ಈ ಲೆಕ್ಕದ ಮಾತು ನಮ್ಮಲ್ಲಿ ಎದ್ದ ದಿನವೇ ಜಗಳವೂ ಎದ್ದಿತು. ಹತ್ತು ಎಚ್‌.ಪಿ.ವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಉಚಿತವಾಗಿರುವುದರಿಂದ, ನೀರು ಅಳೆಯುವವರು ಬಂದರೆ ಅವರ ಹಿಂದೆಯೇ ಮೀಟರ್ ಬರುತ್ತದೆ ಎಂಬ ಭಯ ರೈತರಲ್ಲಿ ಆಳವಾಗಿದೆ. "ಇವತ್ತು ಬೋರಿಗೆ ಹಗ್ಗ ಬಿಡ್ತೀಯ, ನಾಳೆ ಬಿಲ್ಲು ತಂದು ಕೊಡ್ತೀಯ, ಸುಮ್ನಿರಪ್ಪ ನೀನು" ಎಂದು ಚಿಕ್ಕಪ್ಪ ಎದ್ದು ಹೊರಟರು. ಅವರ ಹಿಂದೆ ಅರ್ಧ ಸಭೆ ಹೊರಟಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಗೊಳಿಸಿ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರದ ನೀರು ಹೇಗೂ ನಮ್ಮ ಕೆರೆಗೂ ಬರುತ್ತದೆ, ಈ ಲೆಕ್ಕವೆಲ್ಲ ಏಕೆ ಎಂದವರೂ ಇದ್ದರು. ಎರಡನೇ ಹಂತದವರೆಗೆ ಮಾತ್ರ ಶುದ್ಧಗೊಳಿಸಿದ ಆ ನೀರನ್ನು ಕೆರೆಗೆ ಬಿಡುವುದರ ಬಗ್ಗೆಯೇ ನಮ್ಮ ಜಿಲ್ಲೆಯಲ್ಲಿ ಮೂರನೇ ಹಂತದ ಶುದ್ಧೀಕರಣಕ್ಕಾಗಿ ಹೋರಾಟ ನಡೆದಿರುವಾಗ, ಅದನ್ನು ನೆಚ್ಚಿ ಕೂರುವುದು ನನಗೆ ಸರಿ ಕಾಣಲಿಲ್ಲ.

ಚಿಕ್ಕಪ್ಪನವರ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಕೆರೆಗೆ ಹೋಗುವ ರಾಜಕಾಲುವೆ ಅವರ ಜಮೀನಿನ ಅಂಚಿನಲ್ಲಿ ಹಾಯುತ್ತಿತ್ತು. ಹಲವು ವರ್ಷಗಳಿಂದ ಅದು ಉಳುಮೆಯಲ್ಲಿ ಸೇರಿಹೋಗಿ ಹಿಪ್ಪುನೇರಳೆ ಸಾಲಾಗಿತ್ತು. ಯೋಜನೆ ಎಂದರೆ ಸರ್ವೆ, ಸರ್ವೆ ಎಂದರೆ ಒತ್ತುವರಿ ತೆರವು ಎಂದು ಅವರು ಬಲ್ಲರು.

ನಾನು ಮೊದಲು ನನ್ನ ಜಮೀನಿನಲ್ಲೇ ಕೆಲಸ ಮಾಡಿ ತೋರಿಸಲು ಹೋಗಿ ಕೆಟ್ಟೆ. ಬತ್ತಿದ ಬೋರ್‌ವೆಲ್ಲಿನ ಸುತ್ತ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳದ ಗುಂಡಿ ತೆಗೆಸಿ, ಕೇಸಿಂಗ್ ಪೈಪಿಗೆ ರಂಧ್ರ ಹಾಕಿಸಿ, ನೈಲಾನ್ ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದ್ದಾಯಿತು. ಜೆಸಿಬಿ, ಕಲ್ಲು, ಮರಳು, ಕೂಲಿ ಸೇರಿ ಸುಮಾರು 38,000 ರೂಪಾಯಿ. ಎರಡೇ ಮಳೆಗೆ ಕೆಮ್ಮಣ್ಣಿನ ಹೂಳು ಮರಳಿನ ಮೇಲೆ ಸೆಗಣಿ ಸಾರಿಸಿದಂತೆ ಕೂತಿತು, ನೀರು ಒಂಬತ್ತು ದಿನ ನಿಂತಿತು. ಕೆದಕಿ ನೋಡಿದರೆ ಮೇಸ್ತ್ರಿ ಹಾಕಿದ್ದ ರಂಧ್ರಗಳು ಹೆಬ್ಬೆರಳು ಗಾತ್ರದವು, ಜಾಲರಿ ಒಂದೇ ಸುತ್ತಿನದು. ಮಣ್ಣು ಒಳಗಿಳಿದು ಆ ಬೋರ್‌ವೆಲ್ ಶಾಶ್ವತವಾಗಿ ಮುಚ್ಚಿಹೋಯಿತು. ಎರಡನೇ ಗುಂಡಿಗೆ ಸುಮಾರು 30,000 ಖರ್ಚಾಯಿತು. ಅಲ್ಲಿ ರಂಧ್ರ, ಜಾಲರಿ ಎಲ್ಲ ಸರಿಯಿದ್ದವು, ಆದರೆ ಆ ಬೋರ್‌ವೆಲ್ ನೀರನ್ನೇ ಕುಡಿಯಲಿಲ್ಲ. ಹೆಂಡತಿಯ ಸರ ಗಿರವಿಗೆ ಹೋದದ್ದು ಆಗಲೇ.

ಆಮೇಲೆ ಗುಂಡಿ ತೆಗೆಯುವ ಮೊದಲು ಬೋರ್‌ವೆಲ್ಲಿಗೆ ಒಂದು ಟ್ಯಾಂಕರ್ ನೀರು ಸುರಿದು ಪರೀಕ್ಷಿಸುವುದನ್ನು ರೂಢಿ ಮಾಡಿಕೊಂಡೆ. ನೀರು ಇಳಿಯುವ ವೇಗವನ್ನು ಎಲ್ಲರೂ ನೋಡುತ್ತಾರೆ. ನಾನು ಅದರ ಜೊತೆಗೆ ಇನ್ನೊಂದನ್ನು ಗಮನಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಊರಿನ ಹನ್ನೊಂದು ಬತ್ತಿದ ಬೋರ್‌ವೆಲ್‌ಗಳಲ್ಲಿ ನಾಲ್ಕು ಮಾತ್ರ ಪಾಸಾದವು. ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನೀರು ಕುಡಿದದ್ದು ಚಿಕ್ಕಪ್ಪನವರ ಬೋರ್‌ವೆಲ್.

ಕಾಲುವೆ ಬಿಡಿಸಿ ಎಂದು ನಾನು ಅವರನ್ನು ಕೇಳಲಿಲ್ಲ. ನಿಮ್ಮ ಬೋರಿಗೆ ನನ್ನ ಖರ್ಚಿನಲ್ಲಿ ಗುಂಡಿ ಮಾಡಿಕೊಡುತ್ತೇನೆ, ನೀರು ಬಂದರೆ ನಿಮ್ಮದು ಎಂದೆ. ಈ ಬಾರಿ ಗುಂಡಿಗೆ ಮುಂಚೆ ಎರಡು ಹೂಳುಗುಂಡಿಗಳನ್ನು ಇಟ್ಟು, ನಡುವಿನ ದಾರಿಯಲ್ಲಿ ಲಾವಂಚ ನೆಡಿಸಿದೆ. ನರೇಗಾದಲ್ಲಿ ಯಂತ್ರ ಬಳಸುವಂತಿಲ್ಲದ್ದರಿಂದ ಹೂಳುಗುಂಡಿಗಳನ್ನು ಮಾತ್ರ ಆಗಿನ 309 ರೂಪಾಯಿ ದಿನಗೂಲಿಯಲ್ಲಿ ಕೈಯಿಂದ ತೋಡಿಸಿ, ದೊಡ್ಡ ಗುಂಡಿಗೆ ನನ್ನ ಜೇಬಿನಿಂದ ಸುಮಾರು 26,000 ಹಾಕಿದೆ. ಮೊದಲ ಮಳೆಯಲ್ಲಿ ಬಂದ ನೀರು ಸಾಲಲಿಲ್ಲ. ಚಿಕ್ಕಪ್ಪ ಛತ್ರಿ ಹಿಡಿದು ಗುಂಡಿಯ ಬದುವಿನ ಮೇಲೆ ನಿಂತು, ಮೇಲಿನ ಹೊಲಗಳ ನೀರೆಲ್ಲ ರಸ್ತೆಗೆ ಹರಿದು ಹೋಗುವುದನ್ನು ಕಣ್ಣಾರೆ ಕಂಡರು. ಮೂರನೇ ದಿನ ಗುದ್ದಲಿ ತಂದು, ತಾವೇ ಎರಡು ಸಾಲು ಹಿಪ್ಪುನೇರಳೆ ಕಿತ್ತು ಕಾಲುವೆಗೆ ಎಂಟಡಿ ದಾರಿ ಬಿಟ್ಟರು.

ಅಳತೆಯ ಭಯ ಹೋದದ್ದು ಹಾಲಿನ ಡೇರಿಯ ಗೋಡೆಯಿಂದ. ನೀರಿನ ಮಟ್ಟ ಅಳೆಯಲು ಎರಡು ಎಳೆಯ ವೈರು, ತುದಿಗೊಂದು ಸೀಸದ ತೂಕ, ಮೇಲೆ ಬ್ಯಾಟರಿ ಮತ್ತು ಸಣ್ಣ ಎಲ್‌ಇಡಿ ಬಲ್ಬು. ನೀರು ಮುಟ್ಟಿದೊಡನೆ ಬಲ್ಬು ಮಂಕಾಗಿ ಹತ್ತುತ್ತದೆ. ನೀರಿನಲ್ಲಿ ಬಲ್ಬು ಹತ್ತುವಂತೆ ಮಾಡಲು ತುದಿಗೆ ಏನು ಕಟ್ಟಬೇಕೆಂದು ಕಂಡುಕೊಳ್ಳಲು ನನಗೆ ಒಂದು ತಿಂಗಳೇ ಹಿಡಿಯಿತು. ಮೋಟರ್ ಇಳಿಸದ ಮೂರು ಬೋರ್‌ವೆಲ್‌ಗಳಿಗೆ ಪ್ರತಿ ಅಮಾವಾಸ್ಯೆಯಂದು ಮಾಲೀಕರೇ ವೈರು ಬಿಟ್ಟು, ಎಷ್ಟು ಅಡಿಗೆ ನೀರಿದೆ ಎಂದು ಡೇರಿ ಗೋಡೆಯ ಮೇಲೆ ತಮ್ಮ ಕೈಯಿಂದಲೇ ಬರೆದರು. ತಾನೇ ಅಳೆದ ಅಂಕಿಗೆ ರೈತ ಹೆದರುವುದಿಲ್ಲ.

ಗುಂಡಿಯಲ್ಲಿ ಇದ್ದಿಲಿನ ಪದರವನ್ನೂ ಹಾಕಿ ನೋಡಿದೆ. ಜೋರು ಮಳೆಗೆ ಅದು ತೇಲಿಕೊಂಡು ಹೋಯಿತು, 1,800 ರೂಪಾಯಿ ನಷ್ಟ. ಚಿಕ್ಕಪ್ಪನವರು ಕಿತ್ತ ಸಾಲಿನ ಬದಲಿಗೆ ಹತ್ತಡಿಗೊಂದರಂತೆ ಮರಕಡ್ಡಿ, ಅಂದರೆ ಮರವಾಗಿ ಬೆಳೆಸುವ ಹಿಪ್ಪುನೇರಳೆ, ಬೆಳೆಸಿದ್ದು ಮಾತ್ರ ಸಫಲವಾಯಿತು. ಹನಿ ನೀರಾವರಿಯಲ್ಲಿ ನೀರಿನ ಬಳಕೆ ಸುಮಾರು ಅರ್ಧಕ್ಕಿಳಿದಿದೆ, ಸೊಪ್ಪು ಅಷ್ಟೇನೂ ತಗ್ಗಿಲ್ಲ. ಕೊಟ್ಟಿಗೆಯ ಗಂಜಲ, ಗೊಬ್ಬರದ ನೀರು, ಕೆರೆಗೆ ಬರುವ ನಗರದ ನೀರು, ಇವನ್ನು ಗುಂಡಿಗೆ ಬಿಡಬೇಡಿ ಎಂದು ಪ್ರತಿಯೊಬ್ಬರಿಗೂ ಕೈಮುಗಿದು ಹೇಳುತ್ತೇನೆ. ಒಮ್ಮೆ ಕೊಳೆ ಕೆಳಗಿಳಿದರೆ ತೆಗೆಯಲಾಗದು. ನಮ್ಮ ನೀರಿನಲ್ಲಿ ಫ್ಲೋರೈಡ್ ಕೂಡ ತಗ್ಗಿದೆ, ಆದರೆ ಲೀಟರಿಗೆ 1.5 ಮಿಲಿಗ್ರಾಂ ಮಿತಿಗಿಂತ ಇನ್ನೂ ಸ್ವಲ್ಪ ಮೇಲಿರುವುದರಿಂದ ಕುಡಿಯಲು ಬಳಸುತ್ತಿಲ್ಲ.

ಉಳಿದ ಮೂರು ಬೋರ್‌ವೆಲ್‌ಗಳ ಪೈಕಿ ಎರಡಕ್ಕೆ ಗುಂಡಿಯಾಗಿದೆ. ಮೂರನೆಯದು ಅಣ್ಣತಮ್ಮಂದಿರ ಭಾಗದ ವ್ಯಾಜ್ಯದಲ್ಲಿದೆ. ಇಬ್ಬರ ಮನೆಗೂ ಹೋಗಿ ಮಾತನಾಡುವ ಹೊಣೆಯನ್ನು ಈಗ ಚಿಕ್ಕಪ್ಪನವರೇ ವಹಿಸಿಕೊಂಡಿದ್ದಾರೆ.